ಅಕ್ಕನ ಫೋನಿಗೆ ಯಾರೋ ಹಾಕಿದ ಹಾಡು

ಲ್ಯಾಂಡ್‌ಲೈನ್ ಕಾಲದಲ್ಲಿ ಫೋನಿಗೆ ಬೀಗ ಹಾಕುವುದು ಸುಲಭವಾಗಿತ್ತು. ಬೆರಳಿಟ್ಟು ತಿರುಗಿಸುವ ಕಪ್ಪು ಫೋನಿನ ತೂತೊಂದಕ್ಕೆ ಪುಟ್ಟ ಬೀಗ ಸಿಕ್ಕಿಸಿ, ಕೀಲಿಯನ್ನು ಮನೆಯ ಹಿರಿಯರು ಉಡಿದಾರಕ್ಕೋ ಸೆರಗಿಗೋ ಕಟ್ಟಿಕೊಂಡರೆ ಮುಗಿಯಿತು. ಬರುವ ಕರೆ ಬರುತ್ತಿತ್ತು, ಹೋಗುವ ಕರೆ ಹೋಗುತ್ತಿರಲಿಲ್ಲ. ಮಕ್ಕಳೇ, ನಿಮ್ಮ ಅಜ್ಜ ಅಜ್ಜಿಯನ್ನು ಕೇಳಿ ನೋಡಿ, ಹೇಳುತ್ತಾರೆ.

ಈಗಿನ ಮೊಬೈಲಿಗೂ ಬೀಗವಿದೆ. ಆದರೆ ಅದು ಪರದೆಗೆ ಮಾತ್ರ. ಫೋನು ನಮ್ಮ ಕೈಯಲ್ಲೇ ಇದ್ದರೂ ನಮ್ಮ ಹೆಸರಿನ ಸಂಪರ್ಕದಲ್ಲಿ ನಮಗೇ ತಿಳಿಯದ ಬದಲಾವಣೆ ಆಗಬಹುದು. ನನಗೆ ಇದು ಮನದಟ್ಟಾದದ್ದು ನಮ್ಮ ಅಕ್ಕನಿಂದ.

ಭಾವ ತೀರಿಕೊಂಡು ನಾಲ್ಕು ದಿನವಾಗಿತ್ತು. ದೂರದ ಬಂಧುಗಳು ಒಬ್ಬೊಬ್ಬರಾಗಿ ಅಕ್ಕನಿಗೆ ಫೋನ್ ಮಾಡುತ್ತಿದ್ದರು. ಸಂಜೆ ಬಂದ ದೊಡ್ಡಪ್ಪನ ಮಗ ನನ್ನನ್ನು ಹಿತ್ತಲಿಗೆ ಕರೆದು, "ಅದೇನೋ, ಸೂತಕದ ಮನೆಯ ಫೋನಿಗೆ ಇಂಥ ಕುಣಿಯೋ ಹಾಡು ಹಾಕಿದ್ದೀರಲ್ಲ?" ಎಂದ. ನಾನು ನನ್ನ ಫೋನಿನಿಂದ ಅಕ್ಕನ ನಂಬರ್ ಒತ್ತಿದೆ. ನಿಜ. ಟ್ರಿಣ್ ಟ್ರಿಣ್ ಎನ್ನಬೇಕಾದ ಕಡೆ ಡೋಲು, ತಮಟೆ, ಸಿಳ್ಳೆ.

ಕಾಲರ್ ಟ್ಯೂನ್ ಕರೆ ಮಾಡಿದವರಿಗೆ ಕೇಳುತ್ತದೆ, ಫೋನಿನ ಯಜಮಾನರಿಗೆ ಕೇಳುವುದಿಲ್ಲ. ಹಾಗಾಗಿ ಅಕ್ಕನಿಗೆ ಗೊತ್ತೇ ಇರಲಿಲ್ಲ. ಹೇಳಿದಾಗ ಅವಳ ಮುಖ ನೋಡಲಾಗಲಿಲ್ಲ. "ಫೋನ್ ಮಾಡಿದೋರೆಲ್ಲ ಏನಂದ್ಕೊಂಡ್ರೋ. ನಾನ್ಯಾಕೋ ಹಾಡು ಹಾಕಿಸ್ಲಿ?" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕೆಲವು ತಿಂಗಳಿಂದ ಹಾಕಿಸಿದ ದುಡ್ಡು ಬೇಗ ಕರಗುತ್ತಿದೆ ಎಂದು ಅವಳು ಹೇಳುತ್ತಲೇ ಇದ್ದಳು. ರೀಚಾರ್ಜ್ ಅಂಗಡಿಯ ಹುಡುಗ, "ನೀವೇ ಜಾಸ್ತಿ ಮಾತಾಡಿರ್ತೀರಿ ಅಜ್ಜಿ" ಎಂದು ನಕ್ಕು ಕಳಿಸಿದ್ದನಂತೆ.

ಬಿಡಿಸಿದವಳು ಎಂಟನೇ ತರಗತಿ ಓದುವ ಅಕ್ಕನ ಮೊಮ್ಮಗಳು. ಅಕ್ಕನ ಫೋನಿನಿಂದಲೇ 155223ಕ್ಕೆ ಕರೆ ಮಾಡಿದಳು. ಇಂಥ ಹೆಚ್ಚುವರಿ ಸೇವೆಗಳನ್ನು ನಿಲ್ಲಿಸಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಎಲ್ಲ ಕಂಪನಿಗಳಿಗೂ ಸೇರಿಸಿ ಗೊತ್ತುಮಾಡಿದ ಉಚಿತ ಸಂಖ್ಯೆ ಅದು. ಹಾಡಿನ ಜೊತೆಗೆ ಅಕ್ಕನ ಹೆಸರಿನಲ್ಲಿ ಕ್ರಿಕೆಟ್ ಸುದ್ದಿಯೂ ಇತ್ತು! ಎರಡನ್ನೂ ನಿಲ್ಲಿಸಿದಳು. ಆಮೇಲೆ 198ಕ್ಕೆ ದೂರು ಕೊಟ್ಟು, ದೂರಿನ ಸಂಖ್ಯೆಯನ್ನು ಕ್ಯಾಲೆಂಡರಿನ ಮೇಲೆ ಬರೆದಿಟ್ಟಳು. ಆ ಸಂಖ್ಯೆ ಇಲ್ಲದಿದ್ದರೆ ಮರುದಿನ ಮತ್ತೆ ಮೊದಲಿನಿಂದ ಕಥೆ ಹೇಳಬೇಕು. ವಾರದೊಳಗೆ ಸ್ವಲ್ಪ ಹಣ ವಾಪಸು ಬಂತು, ಪೂರ್ತಿಯಲ್ಲ.

ಹಾಡು ಹೇಗೆ ಬಂತು? ಇನ್ನೊಬ್ಬರ ಟ್ಯೂನ್ ಕೇಳಿಸುವಾಗ ಸ್ಟಾರ್ ಗುಂಡಿ ತಾಗಿದರೂ ಕೆಲವು ಕಡೆ ಅದು ನಮ್ಮದಾಗುವ ಏರ್ಪಾಡಿದೆ. ಪರದೆಯ ಮೇಲೆ ತಟ್ಟನೆ ಮೂಡುವ ಇಂಗ್ಲಿಷ್ ಸಂದೇಶ ಹೋಗಲಿ ಎಂದು ‘ಓಕೆ’ ಒತ್ತುವವರೂ ಇದ್ದಾರೆ. ಎರಡು ಸಲ ಒಪ್ಪಿಗೆ ಪಡೆಯದೆ ಇಂಥ ಸೇವೆ ಶುರು ಮಾಡಬಾರದು ಎಂದು ಟ್ರಾಯ್ 2013ರಲ್ಲೇ ಹೇಳಿದೆ. ಒಳ್ಳೆಯ ನಿಯಮವೇ. ಆದರೆ ಓದಲಾಗದ ಭಾಷೆಯಲ್ಲಿ ಎರಡು ಸಲ ಒತ್ತಿಸಿಕೊಂಡರೆ ಅದನ್ನು ಒಪ್ಪಿಗೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಹಾಡು ಹೋದರೆ ಹೋಯಿತು, ನಂಬರೇ ಹೋದರೆ? ಪಿಂಚಣಿ ಬಂದ ಸುದ್ದಿ, ಬ್ಯಾಂಕಿನ ಒಟಿಪಿ, ಗ್ಯಾಸ್ ಬುಕಿಂಗ್, ಆಧಾರ್ ಎಲ್ಲವೂ ಆ ಹತ್ತು ಅಂಕಿಗಳಿಗೆ ಜೋತುಬಿದ್ದಿವೆ. ನಂಬರ್ ಬದಲಿಸದೆ ಕಂಪನಿ ಬದಲಿಸುವ ಸೌಲಭ್ಯ ದೇಶದಾದ್ಯಂತ ಬಂದದ್ದು 2011ರ ಜನವರಿ 20ರಂದು. ‘ಪೋರ್ಟ್’ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ನಮ್ಮ ನಂಬರ್ ಸೇರಿಸಿ 1900ಕ್ಕೆ ಕಳಿಸಿದರೆ ಎಂಟು ಅಕ್ಷರ–ಅಂಕಿಗಳ ಒಂದು ಸಂಕೇತ ಬರುತ್ತದೆ. ನಮ್ಮ ರಾಜ್ಯದಲ್ಲಿ ಅದಕ್ಕೆ ನಾಲ್ಕು ದಿನ ಆಯುಸ್ಸು. ಹಿಂದಿನ ಕಾಲದ ಬೀಗದ ಕೀಲಿ ಈಗ ಅದೇ ಎನ್ನಿ. ಯಾರೋ ಫೋನಿನಲ್ಲಿ, "ನಿಮ್ಮ ಸಿಮ್ ಬಂದ್ ಆಗ್ತದೆ, 1900ಕ್ಕೆ ಹೀಗೆ ಮೆಸೇಜ್ ಹಾಕಿ, ಬಂದದ್ದನ್ನ ನಮಗೆ ಓದಿ ಹೇಳಿ" ಎಂದರೆ ಕೀಲಿಯನ್ನೇ ಕೇಳುತ್ತಿದ್ದಾರೆ ಎಂದು ಅರ್ಥ. ಕಳ್ಳರು ಸಿಮ್ ಬದಲಿಸಿ, ಕೂಡಲೇ ಬೇರೆ ಕಂಪನಿಗೆ ಹಾರದಂತೆ 2024ರ ಜುಲೈಯಿಂದ ಇನ್ನೊಂದು ತಡೆಯಿದೆ. ಸಿಮ್ ಬದಲಿಸಿದ ಏಳು ದಿನದೊಳಗೆ ಈ ಸಂಕೇತ ಕೊಡುವುದಿಲ್ಲ.

ಬಸ್ ನಿಲ್ದಾಣದ ಹೊರಗೆ ಬಣ್ಣದ ದೊಡ್ಡ ಕೊಡೆ ಬಿಡಿಸಿಕೊಂಡು ಸಿಮ್ ಮಾರುವವರನ್ನು ನೋಡಿರುತ್ತೀರಿ. ಎಲ್ಲರೂ ಮೋಸಗಾರರಲ್ಲ, ಬಿಸಿಲಿನಲ್ಲಿ ನಿಂತು ದುಡಿಯುವ ಹುಡುಗರು. ಆದರೆ "ಹೆಬ್ಬೆಟ್ಟು ಸರಿಯಾಗಿ ಬೀಳ್ಲಿಲ್ಲ, ಇನ್ನೊಂದು ಸಲ ಇಡಿ" ಎಂದು ಎರಡನೇ ಸಲ ಇಡಿಸಿಕೊಂಡು, ಅದೇ ಹೆಸರಿನಲ್ಲಿ ಇನ್ನೊಂದು ಸಿಮ್ ಎಬ್ಬಿಸುವವರೂ ಅವರ ನಡುವೆ ಇದ್ದಾರೆ. ಅಕ್ಕ ಹಿಂದೊಮ್ಮೆ ಅಂಥ ಕೊಡೆಯ ಕೆಳಗೆ ಮೂರು ಸಲ ಹೆಬ್ಬೆಟ್ಟು ಇಟ್ಟಿದ್ದಳಂತೆ.

ಮೊಮ್ಮಗಳು ಬಿಡಲಿಲ್ಲ. ಕೇಂದ್ರ ಸರ್ಕಾರ 2023ರಲ್ಲಿ ಶುರು ಮಾಡಿದ ‘ಸಂಚಾರ್ ಸಾಥಿ’ ತಾಣದಲ್ಲಿ ನಮ್ಮ ಹೆಸರಿನಲ್ಲಿ ಎಷ್ಟು ಮೊಬೈಲ್ ಸಂಪರ್ಕಗಳಿವೆ ಎಂದು ನೋಡಬಹುದು. ಅಲ್ಲಿ ಅಕ್ಕನ ನಂಬರ್ ಕೊಟ್ಟು, ಬಂದ ಒಟಿಪಿ ಹಾಕಿದಳು. ಎರಡು ಸಂಪರ್ಕ ಕಾಣಿಸಿದವು. ಒಂದು ಅಕ್ಕನದು. ಇನ್ನೊಂದು ಯಾರದೋ. ಅದರಿಂದ ಯಾರು ಯಾರಿಗೆ ಏನು ಮಾತಾಡುತ್ತಿದ್ದರೋ, ಹೆಸರು ಮಾತ್ರ ನಮ್ಮ ಅಕ್ಕನದು! ‘ಇದು ನನ್ನ ನಂಬರ್ ಅಲ್ಲ’ ಎಂಬುದನ್ನು ಒತ್ತಿ ದೂರು ದಾಖಲಿಸಿದೆವು.

ಈಗ ಅಕ್ಕನ ದೇವರಮನೆ ಬಾಗಿಲ ಪಕ್ಕ ಒಂದು ರಟ್ಟು ತೂಗುತ್ತದೆ. ಮೊಮ್ಮಗಳ ದೊಡ್ಡಕ್ಷರ: ಹಾಡು ಬಂದರೆ 155223, ದೂರಿಗೆ 198, ಹಣ ಹೋದರೆ ತಡಮಾಡದೆ 1930. ಅದರ ಕೆಳಗೆ ಕೆಂಪು ಶಾಯಿಯಲ್ಲಿ: ‘ಬೇರೆಯವರಿಗೆ ಸಿಗ್ನಲ್ ಇದ್ದು ನಿನಗೊಬ್ಬಳಿಗೇ ಬಹಳ ಹೊತ್ತು ಇಲ್ಲದಿದ್ದರೆ ಪಕ್ಕದ ಮನೆ ಫೋನಿನಿಂದ ಅಪ್ಪನಿಗೆ ಹೇಳು, ಬ್ಯಾಂಕಿಗೂ ಹೇಳಬೇಕು.’ ನಮ್ಮ ನಂಬರಿಗೆ ಬೇರೆ ಕಡೆ ಹೊಸ ಸಿಮ್ ಶುರುವಾದರೆ ಕೈಯಲ್ಲಿರುವುದು ಸತ್ತುಹೋಗುತ್ತದೆ, ಅದಕ್ಕೆ.

ಮೊನ್ನೆ ಸಂತೆಗೆ ಹೋದಾಗ ಕೊಡೆಯ ಹುಡುಗ, "ಅಜ್ಜಿ, ಸಿಮ್ ಫ್ರೀ, ಹೆಬ್ಬೆಟ್ಟು ಇಟ್ರೆ ಸಾಕು" ಎಂದು ಕರೆದನಂತೆ.

"ಹೆಬ್ಬೆಟ್ಟು ಮನೇಲಿ ಬಿಟ್ಟು ಬಂದಿದೀನಪ್ಪ" ಎಂದು ಅಕ್ಕ ಸೊಪ್ಪಿನ ಅಂಗಡಿ ಕಡೆ ನಡೆದಳಂತೆ.