ಮೊದಲು ಟೇಪು, ಆಮೇಲೆ ದೋಣಿ

ಕೊಂಕಲ್
ದೀಪಾವಳಿ ಮುಗಿದ ವಾರ



ನಿಮ್ಮ ಪತ್ರ ಬಂದು ಹತ್ತು ದಿನವಾಯಿತು. ಹತ್ತಿ ಬಿಡಿಸುವ ಗಡಿಬಿಡಿಯಲ್ಲಿ ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡಿ. ಶಾಲೆಯ ಪ್ರವಾಸದಲ್ಲಿ ಉಡುಪಿ ಕಡೆಯ ಸಾಲಿಗ್ರಾಮದ ಹಿನ್ನೀರಿನಲ್ಲಿ ಒಂದು ತಾಸು ಕಯಾಕ್ ನಡೆಸಿ ಬಂದ ನಿಮ್ಮ ಮಗಳು, ಅವತ್ತಿನಿಂದ ಪಡಸಾಲೆಯಲ್ಲಿ ಕಸಬರಿಗೆ ಹಿಡಿದು ಗಾಳಿಯಲ್ಲೇ ಹುಟ್ಟು ಹಾಕುತ್ತಿದ್ದಾಳೆ ಎಂಬುದನ್ನು ಓದಿ ಒಬ್ಬನೇ ಕೂತು ನಕ್ಕೆ. ಮೂರು ದೋಣಿಗಳ ಫೋಟೊ ಕಳಿಸಿ, ಯಾವುದು ಕೊಡಿಸಲಿ ಎಂದು ಕೇಳಿದ್ದೀರಿ. ಮೂರನ್ನೂ ನೋಡಿದೆ. ಮೂರರ ಅಳತೆಯನ್ನೂ ಬರೆದಿದ್ದೀರಿ. ಹುಡುಗಿಯ ಅಳತೆ ಮಾತ್ರ ಎಲ್ಲೂ ಇಲ್ಲ!

ಗ್ರೀನ್‌ಲ್ಯಾಂಡಿನ ಇನುಯಿಟ್ ಜನ ಕಯಾಕ್ ಕಟ್ಟುತ್ತಿದ್ದದ್ದು ನಮ್ಮ ಸಿಂಪಿಗರು ಅಂಗಿ ಹೊಲಿದಂತೆ. ಉದ್ದ ಎಷ್ಟು? ಕೂರುವವನ ಮೂರು ಮಾರು. ಅಗಲ ಎಷ್ಟು? ಅವನ ಸೊಂಟ, ಮೇಲೆ ಎರಡು ಮುಷ್ಟಿ. ತೇಲಿ ಬಂದ ಕಟ್ಟಿಗೆ, ತಿಮಿಂಗಿಲದ ಎಲುಬು ಸೇರಿಸಿ ಹಂದರ ಮಾಡಿ, ಮೇಲೆ ಸೀಲ್ ಚರ್ಮ ಬಿಗಿದರೆ ದೋಣಿಯಾಯಿತು. ನಮ್ಮ ಹರಗೋಲಿನ ಯುಕ್ತಿಯೂ ಇದೇ ತಾನೆ: ಬಿದಿರಿನ ಹೆಣಿಗೆ, ಹೊರಗೆ ಹಿಂದೆಲ್ಲ ಚರ್ಮ. 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ ದೊಮಿಂಗೊ ಪಾಯೆಸ್, ಬುಟ್ಟಿಯಂಥ ದುಂಡು ದೋಣಿಗಳು 15–20 ಜನರನ್ನು ಹೊತ್ತು ನದಿ ದಾಟಿಸುವುದನ್ನು ಬರೆದಿಟ್ಟಿದ್ದಾನೆ. ಆದರೆ ಹರಗೋಲು ಊರಿಗೆಲ್ಲ ಒಂದು. ಕಯಾಕ್ ಹಾಗಲ್ಲ, ಅದು ಒಬ್ಬರ ಮೈಯ ಬಟ್ಟೆ. ಆದ್ದರಿಂದ ಹುಡುಗಿಯ ಎತ್ತರ, ತೂಕ, ಎದೆಯ ಸುತ್ತಳತೆ ಈ ಮೂರನ್ನು ಮೊದಲು ಬರೆದು ಕಳಿಸಿ. ಎದೆಯ ಸುತ್ತಳತೆ ಯಾಕೆಂದರೆ, ಮೊದಲು ಕೊಳ್ಳಬೇಕಾದದ್ದು ದೋಣಿಯಲ್ಲ, ಲೈಫ್ ಜಾಕೆಟ್.

ನೀಲಕಂಠರಾಯನಗಡ್ಡಿಯ ಸುದ್ದಿ ನಿಮಗೆ ನೆನಪಿರಬೇಕು, ನಿಮ್ಮ ಸುರಪುರ ಸೀಮೆಯದೇ. 2014ರ ಮಳೆಗಾಲದಲ್ಲಿ ಕೃಷ್ಣೆ ತುಂಬಿ ಆ ನಡುಗಡ್ಡೆಯ ದಾರಿ ಕಡಿದಿತ್ತು. ಹೆರಿಗೆಗೆ ಆಸ್ಪತ್ರೆ ಸೇರಲೇಬೇಕೆಂದು ತುಂಬು ಬಸುರಿಯೊಬ್ಬಳು ಮೈಗೆ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು, ಮನೆಯವರ ಆಸರೆಯಲ್ಲಿ ಹೊಳೆ ಈಜಿ ದಡ ಸೇರಿದಳು. ಪತ್ರಿಕೆಗಳೆಲ್ಲ ಆಕೆಯ ಧೈರ್ಯ ಬರೆದವು. ನನ್ನ ಮನಸ್ಸಿನಲ್ಲಿ ಕೂತದ್ದು ಆ ಬುರುಡೆಗಳು. ದೋಣಿ ಇಲ್ಲದೆಯೂ ಹೊಳೆ ದಾಟಿದ್ದಾಳೆ, ಬುರುಡೆ ಬಿಟ್ಟು ನೀರಿಗೆ ಇಳಿಯಲಿಲ್ಲ. ನಾವೂ ಬಾವಿಯಲ್ಲಿ ಈಜು ಕಲಿತದ್ದು ಬೆನ್ನಿಗೆ ಬೆಂಡು ಕಟ್ಟಿಕೊಂಡೇ ಅಲ್ಲವೇ?

ಜಾಕೆಟ್ಟಿನ ಒಳಪಟ್ಟಿಯಲ್ಲಿ 50 ನ್ಯೂಟನ್, 100 ನ್ಯೂಟನ್ ಎಂದೆಲ್ಲ ಬರೆದಿರುತ್ತದೆ. 50 ಎಂದರೆ ಸುಮಾರು ಐದು ಕೆ.ಜಿ. ಭಾರವನ್ನು ಮೇಲೆ ಹಿಡಿಯುವ ಬಲ. ಅಷ್ಟೇ ಸಾಕೇ ಎಂದು ನಿಮ್ಮ ಮನೆಯವರು ಕೇಳಬಹುದು. ನೀರಿನಲ್ಲಿ ಮೈ ಹೆಚ್ಚುಕಡಿಮೆ ತಾನೇ ತೇಲುತ್ತದೆ, ಆಸರೆ ಬೇಕಾದದ್ದು ತಲೆಗೆ ಮಾತ್ರ. ಆದರೆ 50ರದ್ದು ಈಜು ಬಲ್ಲವರಿಗೆ, ಪಕ್ಕದಲ್ಲಿ ಇನ್ನೊಬ್ಬರು ಇದ್ದಾಗ. ನಿಮ್ಮ ಮಗಳಿಗೆ ಈಜು ಬರುತ್ತದೋ ಇಲ್ಲವೋ ನೀವು ಬರೆದಿಲ್ಲ. ಬರದಿದ್ದರೆ ಈ ಚಳಿಗಾಲ ಈಜಿಗೆ, ಮುಂದಿನ ಚಳಿಗಾಲ ಕಯಾಕಿಗೆ. ಈ ಒಂದು ಮಾತಿನಲ್ಲಿ ನಾನು ಹಟಮಾರಿ.

ಜಾಕೆಟ್ ತರುವಾಗ ನಾನು ಮಾಡಿದ ಎಡವಟ್ಟು ಹೇಳುತ್ತೇನೆ. ಅಕ್ಕನ ಮಗನಿಗೆ, ಬೆಳೆಯುವ ಹುಡುಗ ಎಂದು, ಶಾಲೆಯ ಅಂಗಿ ಕೊಂಡಂತೆ ಒಂದು ಸೈಜು ದೊಡ್ಡದು ತಂದೆ. ಕೆರೆಯಲ್ಲಿ ಮೊದಲ ಸಲ ದೋಣಿ ಮಗುಚಿದಾಗ ಜಾಕೆಟ್ ತೇಲಿತು, ಹುಡುಗ ಅದರೊಳಗೆ ಜಾರಿದ. ಕಿವಿಯ ತನಕ ಕೇಸರಿ ಬಟ್ಟೆ, ಅದರ ನಡುವೆ ಎರಡು ಕಣ್ಣು! ಎದೆಯುದ್ದ ನೀರಿತ್ತು, ನಾನು ಪಕ್ಕದಲ್ಲೇ ನಿಂತಿದ್ದೆ, ಬಚಾವಾದ. ದಡಕ್ಕೆ ಬಂದವನು, "ಮಾಮಾ, ಇದು ನಂಗ್ ತಂದಿಯೋ, ನಮ್ಮಪ್ಪಗ್ ತಂದಿಯೋ?" ಎಂದ. ಅವತ್ತಿನಿಂದ ಅಂಗಡಿಯಲ್ಲೇ ಪರೀಕ್ಷೆ: ಎಲ್ಲ ಪಟ್ಟಿ ಬಿಗಿದು, ಎರಡೂ ಕೈ ಮೇಲೆತ್ತಿಸಿ, ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆಯುವುದು. ಗದ್ದಕ್ಕೆ ತಾಗಿತೋ, ವಾಪಸ್. ಎರಡು ವರ್ಷಕ್ಕೆ ಬಿಗಿಯಾದರೆ ಆಗ ಇನ್ನೊಂದು ಕೊಳ್ಳೋಣ. ಜಾಕೆಟ್ಟಿಗೆ ಒಂದು ಪ್ಲಾಸ್ಟಿಕ್ ಸೀಟಿ ಕಟ್ಟಿ, ಒಳಗೆ ಗುಂಡಿಲ್ಲದ ಸೀಟಿಯಾದರೆ ಒದ್ದೆಯಾದರೂ ಕೂಗುತ್ತದೆ.

ಇನ್ನು ದೋಣಿ. ಫೋಟೊದಲ್ಲಿದ್ದ ಮೊದಲನೆಯದು, ಕಾಲು ಒಳಗೆ ತೂರಿಸಿ ಕೂರುವ ಉದ್ದನೆಯದು, ನೋಡಲು ಚಂದ. ಬೇಡ. ಮಗುಚಿದರೆ ಒಳಗೆಲ್ಲ ನೀರು, ಅದನ್ನು ಖಾಲಿ ಮಾಡುವುದೇ ಒಂದು ವಿದ್ಯೆ. ಹೊಸಬರಿಗೆ ಮೇಲೆ ಕೂರುವ ಕಯಾಕ್ ವಾಸಿ. ಅದರ ತಳದಲ್ಲಿ ಆರಪಾರ ತೂತುಗಳಿರುತ್ತವೆ, ಬಂದ ನೀರು ತಾನೇ ಇಳಿದು ಹೋಗುತ್ತದೆ. ಮಗುಚಿದರೆ ಹೊರಳಿಸಿ ಮತ್ತೆ ಹತ್ತಿದರಾಯಿತು. ಒಂಬತ್ತು ಅಡಿಯ ಆಸುಪಾಸು ಉದ್ದ, 28ರಿಂದ 30 ಇಂಚು ಅಗಲ, ತೂಕ 20 ಕೆ.ಜಿ. ಒಳಗೆ ಸಿಕ್ಕರೆ ಕಣ್ಣು ಮುಚ್ಚಿ ಆರಿಸಿ. ಆರಡಿಯ ಮಕ್ಕಳ ದೋಣಿ ಎರಡೇ ವರ್ಷಕ್ಕೆ ಸಣ್ಣದಾಗುತ್ತದೆ, ನೆಟ್ಟಗೂ ಹೋಗುವುದಿಲ್ಲ. ನಿಮಗೂ ಆಗಲಿ ಎಂದು ದೊಡ್ಡವರದು ತಂದಿರೋ, ಹಗುರ ಹುಡುಗಿ ಕೂತಾಗ ಅದು ನೀರಿನ ಮೇಲೆ ಎತ್ತರಕ್ಕೆ ನಿಂತು, ಗಾಳಿ ಬಂದ ಕಡೆ ಮುತ್ತುಗದ ಎಲೆಯಂತೆ ಹೊರಟುಬಿಡುತ್ತದೆ.

ಗಾಳಿ ತುಂಬುವ ಮೂರನೆಯದನ್ನು ನಿಮ್ಮ ಮಗಳು ಇಷ್ಟಪಟ್ಟಿದ್ದಾಳೆ. ಮಡಚಿ ಚೀಲಕ್ಕೆ ಹಾಕಿ ಬಸ್ಸಿನಲ್ಲೇ ಒಯ್ಯಬಹುದು, ನಿಜ. ಆದರೆ ನಮ್ಮ ಕೆರೆಗಳ ದಂಡೆಯಲ್ಲಿ ಬೆಳೆದಿರುವುದು ಏನು? ಜಾಲಿ. ಬೈಕಿನ ಟೈರನ್ನೇ ಬಿಡದ ಮುಳ್ಳು ಇದನ್ನು ಬಿಟ್ಟೀತೇ? ಜೊತೆಗೆ ನಮ್ಮ ಬಿಸಿಲು. ಬೆಳಗಿನ ತಂಪಿನಲ್ಲಿ ಗಟ್ಟಿಯಾಗಿ ತುಂಬಿದ ಗಾಳಿ ಹನ್ನೆರಡರ ಹೊತ್ತಿಗೆ ಹಿಗ್ಗಿ ಹೊಲಿಗೆಯನ್ನೇ ಬಿಚ್ಚೀತು. ಎರಡನೆಯ, ಮೇಲೆ ಕೂರುವ ಗಟ್ಟಿ ಪ್ಲಾಸ್ಟಿಕ್ಕಿನದಕ್ಕೇ ನನ್ನ ಓಟು. ಅದನ್ನೂ ಮಾಳಿಗೆಯ ಮೇಲೆ ಬಿಸಿಲಿಗೆ ಎಸೆಯಬೇಡಿ, ತಳ ಸೊಟ್ಟಗಾಗುತ್ತದೆ. ದನದ ಕೊಟ್ಟಿಗೆಯ ನೆರಳು ಸಾಕು. ಅಂಗಡಿಯವರ ಹತ್ತಿರ ಸಾಗಾಣಿಕೆಯ ಖರ್ಚು ಮೊದಲೇ ಕೇಳಿಕೊಳ್ಳಿ, ಒಂಬತ್ತು ಅಡಿಯ ಸಾಮಾನು ಪಾರ್ಸೆಲ್ಲಿನಲ್ಲಿ ಬರುವುದಿಲ್ಲ.

ಹುಟ್ಟು ಎರಡೂ ತುದಿಗೆ ಅಲಗು ಇರುವಂಥದ್ದು. ಅಷ್ಟು ಅಗಲದ ದೋಣಿಗೆ 220 ಸೆಂ.ಮೀ. ಆಸುಪಾಸಿನದು ಸರಿ. ಇದಕ್ಕೆ ಒಂದಿಷ್ಟು ದುಡ್ಡು ಹೆಚ್ಚು ಹೋಗಲಿ ಎನ್ನುತ್ತೇನೆ. ಒಂದು ತಾಸಿಗೆ ಸಾವಿರ ಸಲ ಎತ್ತುವ ಸಾಮಾನು ಅದು. ನೂರಿನ್ನೂರು ಗ್ರಾಂ ಹೆಚ್ಚಾದರೂ ಸಂಜೆಗೆ ರಟ್ಟೆ ಹೇಳುತ್ತದೆ. ಅಲ್ಯೂಮಿನಿಯಂ ಕೋಲು ನಮ್ಮ ಬಿಸಿಲಿಗೆ ಹಂಚಿನಂತೆ ಕಾಯುತ್ತದೆ, ಫೈಬರಿನದು ಹಗುರ. ಹುಡುಗಿಯ ಬೆರಳು ಕೋಲನ್ನು ಪೂರ್ತಿ ಸುತ್ತಬೇಕು. ಕಾಲಿಗೆ ಚಪ್ಪಲಿ ಬೇಡ, ಕೆಸರು ಕಿತ್ತುಕೊಳ್ಳುತ್ತದೆ. ಹಳೆಯ ಕ್ಯಾನ್ವಾಸ್ ಶೂ ನಡೆಯುತ್ತದೆ. ತುಂಬು ತೋಳಿನ ಅಂಗಿ, ಟೊಪ್ಪಿಗೆ, ಕುಡಿಯುವ ನೀರು. ಮತ್ತೆ ಹಗ್ಗ ದೋಣಿಗಿರಲಿ, ಮಗಳ ಕೈಗೆ ಕಾಲಿಗೆ ಕಟ್ಟಬೇಡಿ.

ನೀರು ಯಾವುದು ಎಂಬುದಕ್ಕೆ ಬರುತ್ತೇನೆ. ಮನೆಯ ಹತ್ತಿರವೇ ಕಾಲುವೆ ಇದೆ, ನೆಟ್ಟಗಿದೆ, ಶಾಂತವಾಗಿದೆ ಎಂದಿದ್ದೀರಿ. ನಾರಾಯಣಪುರ ಎಡದಂಡೆ ಕಾಲುವೆಯ ಆ ಶಾಂತಿಯನ್ನು ನಂಬಬೇಡಿ. ಇಳಿಜಾರು ಕಾಂಕ್ರೀಟಿನ ಮೇಲೆ ಪಾಚಿ, ಬಿದ್ದವರಿಗೆ ಹಿಡಿಯಲು ಒಂದು ಕಡ್ಡಿ ಇಲ್ಲ, ಮುಂದೆ ಗೇಟು. ಕೃಷ್ಣೆಯಲ್ಲಿ ಬಂಡೆಗಳಿವೆ, ಮೊಸಳೆಗಳಿವೆ, ಬಸವಸಾಗರ ಜಲಾಶಯದ ಗೇಟು ಎತ್ತಿದರೆ ನೀರು ನಮ್ಮನ್ನು ಕೇಳಿ ಏರುವುದಿಲ್ಲ. 2019ರ ಆಗಸ್ಟಿನಲ್ಲಿ ಕೊಳ್ಳೂರು ಸೇತುವೆಯೇ ಮುಳುಗಿದ್ದನ್ನು ಕಂಡಿದ್ದೇವಲ್ಲ. ಭೀಮೆಯ ಗುರುಸಣಗಿ ಬ್ಯಾರೇಜಿನ ಹಿಂದೆ ನೀರು ಕನ್ನಡಿಯಂತೆ ನಿಂತಿರುತ್ತದೆ, ಆದರೆ ಯಾವ ಬ್ಯಾರೇಜಿನಲ್ಲೂ ದುಮುಕುವ ಜಾಗದ ಬುಡದಲ್ಲಿ ನೀರು ತಿರುಗಿ ತಿರುಗಿ ಒಳಗೇ ಎಳೆಯುತ್ತದೆ. ಅಲ್ಲಿ ಜಾಕೆಟ್ ಇದ್ದವರೂ ಸಿಕ್ಕಿಬೀಳುತ್ತಾರೆ.

ನಮಗೆ ಕೆರೆಯೇ ಸರಿ. ಪಂಚಾಯಿತಿಯವರನ್ನು ಒಂದು ಮಾತು ಕೇಳಿ, ಮೀನು ಹಿಡಿಯುವವರನ್ನು ಎರಡು ಮಾತು ಕೇಳಿ. ಬಲೆ ಎಲ್ಲಿ ಬಿಟ್ಟಿದ್ದಾರೆ, ಹೂಳು ಎಲ್ಲಿ, ಹಳೆಯ ಬಾವಿ ಎಲ್ಲಿ ಮುಳುಗಿದೆ ಎಂಬುದು ಅವರಿಗೆ ಗೊತ್ತು. ಹೋಗುವಾಗ ಗಾಳಿಗೆ ಎದುರಾಗಿ ಹೋಗಲಿ, ದಣಿದು ಬರುವಾಗ ಗಾಳಿಯೇ ದಡಕ್ಕೆ ತರುತ್ತದೆ. ಗುಡುಗು ಕೇಳಿದರೆ ಆಟ ಮುಗಿಯಿತು. ಕ್ರಮವಾಗಿ ಕಲಿಯಬೇಕೆಂದರೆ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯವರ ಜಲಕ್ರೀಡೆ ಶಿಬಿರಗಳನ್ನು ವಿಚಾರಿಸಿ. ಸಾಗರದ ಹತ್ತಿರ ಶರಾವತಿ ಹಿನ್ನೀರಿನ ಹೊನ್ನೇಮರಡುವಿನಲ್ಲೂ ಕಲಿಯುವ ಅನುಕೂಲವಿದೆ. ಕೊಳ್ಳುವ ಮುಂಚೆ ಅಲ್ಲಿ ನಾಲ್ಕು ದಿನ ಇದ್ದು ಬಂದರೆ ಯಾವ ದೋಣಿ ಎಂದು ಅವಳೇ ನಿಮಗೆ ಹೇಳುತ್ತಾಳೆ.

ಮೊದಲ ದಿನ ನಾನು ಹುಟ್ಟನ್ನು ಕೈಗೆ ಕೊಡುವುದೇ ಇಲ್ಲ. ಸೊಂಟದುದ್ದ ನೀರಿನಲ್ಲಿ ದೋಣಿಯನ್ನು ಬೇಕೆಂದೇ ಮಗುಚಿಸಿ, ಮತ್ತೆ ಹತ್ತಿಸುವುದು. ಕಾಲು ಹಿಂದಕ್ಕೆ ಬಡಿಯುತ್ತ ಹೊಟ್ಟೆಯನ್ನು ದೋಣಿಯ ಮೇಲೆ ಅಡ್ಡ ಹಾಕು, ಹೊರಳಿ ಕುಂಡಿ ಕೂರಿಸು, ಕಡೆಗೆ ಕಾಲು ತಾ. ಹೊಟ್ಟೆ, ಕುಂಡಿ, ಕಾಲು. ಅಕ್ಕನ ಮಗ ಇದನ್ನು ಮಗ್ಗಿಯಂತೆ ಕೂಗುತ್ತ ಹನ್ನೊಂದು ಸಲ ಬಿದ್ದು, ಹನ್ನೆರಡನೆಯ ಸಲ ಕೂತ.

ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು ಹೇಗೂ ಈ ಕಡೆ ಬರುತ್ತೀರಿ. ಮರುದಿನ ಉಳಿಯಿರಿ. ಆ ಹೊತ್ತಿಗೆ ನಮ್ಮ ಕೆರೆಯ ನೀರು ತಿಳಿಯಾಗಿರುತ್ತದೆ, ಹುಡುಗನ ದೋಣಿಯೂ ಇದೆ, ಚಿಕ್ಕದಾದ ಅವನ ಎರಡನೆಯ ಜಾಕೆಟ್ಟೂ ಇದೆ. ಅದು ಅವಳಿಗೆ ಆಗುತ್ತದೋ ಇಲ್ಲವೋ ನೋಡಲು ಎದೆಯಳತೆ ಈಗಲೇ ಬೇಕು. ಫೋನು ಮಾಡಿ ಹೇಳಿದರೂ ಆದೀತು. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ನಮ್ಮ ಮನೆಯಿಂದ. ಒಂದು ಜೊತೆ ಒಣ ಬಟ್ಟೆ ನಿಮಗೂ ಇರಲಿ, ನೀರಿನಲ್ಲಿ ದೋಣಿ ಹಿಡಿದು ನಿಲ್ಲುವವರು ನೀವೇ.

ನಿಮ್ಮವನು