ಮರಳ ಮೇಲಿನ ಹುಲ್ಲು

ವ್ಯಾಲೆಂಟೈನ್, ನೆಬ್ರಾಸ್ಕಾ
ಜೂನ್ 14

ಪೂಜ್ಯ ಅಪ್ಪನವರಿಗೆ,

ಅಮ್ಮನ ಮಂಡಿನೋವು ಹೇಗಿದೆ? ಊರಲ್ಲಿ ಮಳೆಯಾಯಿತೇ?

ನಾನೀಗ ಅಮೆರಿಕದ ನೆಬ್ರಾಸ್ಕಾ ರಾಜ್ಯದ ಚೆರ್ರಿ ಕೌಂಟಿಯಲ್ಲಿದ್ದೇನೆ. ಕೌಂಟಿ ಎಂದರೆ ನಮ್ಮ ಜಿಲ್ಲೆಯಿದ್ದಂತೆ. ವಿಸ್ತೀರ್ಣದಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಹತ್ತಿರಹತ್ತಿರ ಎರಡರಷ್ಟು. ಜನ ಮಾತ್ರ 2020ರ ಗಣತಿಯಂತೆ 5,455. ಎತ್ತ ನೋಡಿದರೂ ಹಸಿರು ದಿಬ್ಬ, ಅದರ ಹಿಂದೆ ಮತ್ತೊಂದು ದಿಬ್ಬ. ಹುಲ್ಲಿನ ಬುಡ ಕೆದಕಿದರೆ ಬರೀ ಮರಳು! ಸಾವಿರಾರು ವರ್ಷ ಹಿಂದೆ ಗಾಳಿ ತಂದು ಒಟ್ಟಿದ್ದು; ಕೆಲವು ದಿಬ್ಬಗಳು 100 ಮೀಟರಿಗೂ ಎತ್ತರ. ಹುಲ್ಲಿನ ಬೇರು ಹಿಡಿದಿರುವುದಕ್ಕೇ ಅಲುಗದೆ ನಿಂತಿವೆ. ಬೇರು ಕಿತ್ತುಹೋದಲ್ಲಿ ಗಾಳಿ ತೋಡಿ ತೋಡಿ ಗುಂಡಿ ಮಾಡುತ್ತದೆ.

ವರ್ಷಕ್ಕೆ ಮಳೆ ಸುಮಾರು 500 ಮಿಲಿಮೀಟರ್, ನಮ್ಮ ಕಡೆಗಿಂತ ಬಹಳ ಹೆಚ್ಚೇನಲ್ಲ. ಆದರೂ ದಿಬ್ಬಗಳ ನಡುವೆ ಕೆರೆಗಳಿವೆ, ನಯೋಬ್ರಾರಾ ಹೊಳೆ ಹರಿಯುತ್ತಲೇ ಇರುತ್ತದೆ. ಬಿದ್ದ ಮಳೆಯನ್ನು ಮರಳು ಕುಡಿದು ಕೆಳಗಿನ ಒಗಲಾಲ ಜಲಪದರಕ್ಕೆ ಇಳಿಸುತ್ತದೆ; ಅದೇ ನೀರು ಒರತೆಯಾಗಿ ಮೇಲೆ ಬರುತ್ತದೆ. ವೇದಾವತಿಯ ಒಣಮರಳಲ್ಲಿ ನೀವು ಒರತೆ ತೋಡಿ, ತಿಳಿಯಾದ ಮೇಲೆ ಬೊಗಸೆಯಲ್ಲಿ ಕುಡಿಸುತ್ತಿದ್ದದ್ದು ನೆನಪಾಯಿತು.

ಇದು ಲಕೋಟಾ ಜನ ಕಾಡೆಮ್ಮೆ ಬೇಟೆಯಾಡುತ್ತಿದ್ದ ನೆಲ. 1880ರಲ್ಲಿ ಸೈನ್ಯ ಇಲ್ಲಿ ಕೋಟೆ ಹೂಡಿತು. ಲಕೋಟಾ ಜನರ ರೋಸ್‌ಬಡ್ ಮೀಸಲು ಪ್ರದೇಶ ಉತ್ತರದ ಗಡಿಯಾಚೆ ಇದೆ. ಬಿಳಿಯ ದನಗಾರರು ಮೊದಮೊದಲು ದಿಬ್ಬಗಳೊಳಗೆ ಹೋಗಲು ಹೆದರುತ್ತಿದ್ದರಂತೆ. 1879ರಲ್ಲಿ ತಪ್ಪಿಸಿಕೊಂಡ ದನಗಳನ್ನು ಹುಡುಕುತ್ತ ಹೋದರೆ, ಅವು ಚಳಿಗಾಲ ಕಳೆದು ಮೈತುಂಬಿಕೊಂಡು ಮೇಯುತ್ತಿದ್ದವು! ನೆಲದ ಗುಣ ದನಗಳಿಗೆ ಮೊದಲು ತಿಳಿಯಿತು.

ಸರ್ಕಾರಕ್ಕೆ ತಿಳಿಯಲಿಲ್ಲ. 1904ರ ಕಿಂಕೇಡ್ ಕಾಯ್ದೆಯಡಿ ಒಂದೊಂದು ಸಂಸಾರಕ್ಕೆ 640 ಎಕರೆ ಕೊಟ್ಟಿತು. ಮರವಿಲ್ಲದ ಸೀಮೆ, ಬಂದವರು ಬೇರುಸಹಿತ ಹುಲ್ಲಿನ ಹೆಂಟೆಗಳನ್ನೇ ಇಟ್ಟಿಗೆಯಂತೆ ಕೊಯ್ದು ಮನೆ ಕಟ್ಟಿಕೊಂಡರು. 1907ರಿಂದ ಕಪ್ಪು ಜನರ ಸಂಸಾರಗಳೂ ಬಂದು ಬ್ರೌನ್‌ಲಿ ಬಳಿ ಡೆವಿಟಿ ಎಂಬ ಊರು ಕಟ್ಟಿದವು. ಗುಲಾಮಗಿರಿಯಿಂದ ಪಾರಾದವರ ಮಕ್ಕಳಿಗೆ ಸ್ವಂತ ಜಮೀನು ಎಂದರೆ ಏನೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ಉತ್ತ ಕಡೆ ಮರಳು ಎದ್ದಿತು. ಒಬ್ಬೊಬ್ಬರಾಗಿ ಮಾರಿ ಹೋದರು. ಆ ಊರು ಈಗಿಲ್ಲ.

ಇಂದು ನೆಲವೆಲ್ಲ ಮತ್ತೆ ದನದ ಕಾವಲು. ನಿನ್ನೆ ಸಂಜೆ ದನಗಾರರೊಬ್ಬರು ತಮ್ಮ ಹುಲ್ಲುಗಾವಲು ತೋರಿಸಿದರು. ಗಾಳಿಯಂತ್ರವೊಂದು ಕಿರುಗುಟ್ಟುತ್ತ ತೊಟ್ಟಿಗೆ ನೀರೆತ್ತುತ್ತಿತ್ತು. ಹತ್ತು ಹೆಜ್ಜೆಗೊಮ್ಮೆ ಬಗ್ಗಿ ಒಂದೊಂದು ಹುಲ್ಲನ್ನೂ ಹೆಸರು ಹಿಡಿದು ತೋರಿಸುತ್ತಿದ್ದರು. ಈ ಕಡೆ ಮೇಯಿಸಿದರೆ ಆ ಕಡೆ ಬಿಡಬೇಕು, ಹುಲ್ಲಿಗೂ ಉಸಿರಾಡಲು ಹೊತ್ತು ಬೇಕು ಎಂದರು.

ಅಪ್ಪಾ, ನಮ್ಮೂರ ಗೋಮಾಳ ಉಳುವ ಮಾತು ಬಂದಾಗ ನೀವೊಬ್ಬರೇ ಬೇಡವೆಂದಿರಿ. ಪಾಳುನೆಲ ತಾನೇ ಎಂದು ನಾನೂ ವಾದಿಸಿದ್ದೆ. ಅದು ತಪ್ಪು. ಗರಿಕೆ, ಕರಡ ಬಿಟ್ಟರೆ ನಮ್ಮ ಒಂದು ಹುಲ್ಲಿನ ಹೆಸರೂ ನನಗೆ ಬಾರದು. ಊರಿಗೆ ಬಂದ ಮೇಲೆ ಒಂದು ಬೆಳಿಗ್ಗೆ ನನ್ನನ್ನೂ ದನಗಳ ಹಿಂದೆ ಕರೆದುಕೊಂಡು ಹೋಗಿ, ಒಂದೊಂದಾಗಿ ಹೇಳಿಕೊಡಿ.

ನಿಮ್ಮ ಮಗಳು