ಹುಟ್ಟುಗುಣವೂ ಬೆಳೆದ ಗೂಡೂ

“ಹುಟ್ಟುಗುಣ ಸುಟ್ಟರೂ ಹೋಗದು” ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಲೆಕ್ಕದಲ್ಲಿ ಮೇಲಿಂದ ಮೇಲೆ ತಪ್ಪುವ ಹುಡುಗನ ಬಗೆಗೆ ಅಧ್ಯಾಪಕರ ಕೊಠಡಿಯಲ್ಲಿ ಮಾತು ಬಂದಾಗ ಈ ಗಾದೆ ಬಹು ಬೇಗ ನಾಲಗೆಗೆ ಬರುತ್ತದೆ. ಅವನ ತಂದೆಯೂ ಹಾಗೆಯೇ ಇದ್ದನೆಂಬ ಸಾಕ್ಷ್ಯವೂ ಬೆನ್ನಿಗೇ ಬರುತ್ತದೆ. ಜೀವವಿಜ್ಞಾನ ಈ ತೀರ್ಪನ್ನು ಪೂರ್ತಿಯಾಗಿ ತಳ್ಳಿಹಾಕಿಲ್ಲ. ಆದರೆ ಹಾಗೆಯೇ ಒಪ್ಪಿಯೂ ಇಲ್ಲ.

ಅಮೆರಿಕದ ಬರ್ಕ್‌ಲಿಯಲ್ಲಿ ರಾಬರ್ಟ್ ಟ್ರಯಾನ್ ಎಂಬ ವಿಜ್ಞಾನಿ 1920ರ ದಶಕದಲ್ಲಿ ಇಲಿಗಳನ್ನು ಚಕ್ರವ್ಯೂಹದಂತಹ ಓಣಿಗಳಲ್ಲಿ ಓಡಿಸಿ, ಕಡಿಮೆ ತಪ್ಪುವ ಇಲಿಗಳನ್ನೇ ಒಂದು ಕಡೆ, ಹೆಚ್ಚು ತಪ್ಪುವವುಗಳನ್ನೇ ಮತ್ತೊಂದು ಕಡೆ ಜೋಡಿಮಾಡಿ ಮರಿ ಹಾಕಿಸತೊಡಗಿದರು. ಕೆಲವು ತಲೆಮಾರು ಕಳೆಯುವಷ್ಟರಲ್ಲಿ ಜಾಣ ಇಲಿಗಳದೊಂದು ವಂಶ, ದಡ್ಡ ಇಲಿಗಳದೊಂದು ವಂಶ ಸಿದ್ಧವಾದವು. ಗಾದೆ ಗೆದ್ದಂತೆಯೇ ತೋರಿತು.

ಹೀಗೆಯೇ ಬೇರ್ಪಡಿಸಿದ ಬೇರೆ ಎರಡು ವಂಶಗಳ ಮರಿಗಳನ್ನು ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾನಿಲಯದ ಕೂಪರ್ ಮತ್ತು ಝೂಬೆಕ್ ಪರೀಕ್ಷೆಗೆ ಒಡ್ಡಿ, ಫಲಿತಾಂಶವನ್ನು 1958ರಲ್ಲಿ ಪ್ರಕಟಿಸಿದರು. ಹುಟ್ಟಿದ 25ನೆಯ ದಿನದಿಂದ 65ನೆಯ ದಿನದವರೆಗೆ ಎರಡೂ ವಂಶಗಳ ಕೆಲವು ಮರಿಗಳು ಬೂದುಬಣ್ಣದ ಗೋಡೆಯನ್ನೇ ನೋಡುತ್ತ ಬರಿಗೂಡಿನಲ್ಲಿ ಬೆಳೆದವು. ಅಲ್ಲಿ ಆಹಾರ ಮತ್ತು ನೀರಲ್ಲದೆ ಬೇರೇನೂ ಇರಲಿಲ್ಲ. ಇನ್ನು ಕೆಲವಕ್ಕೆ ಸುರಂಗ, ಜಾರುಹಲಗೆ, ಗಂಟೆ, ಕನ್ನಡಿ, ಉಯ್ಯಾಲೆಗಳಿದ್ದ ಗೂಡು ದೊರೆಯಿತು. ಸಾಧಾರಣ ಗೂಡಿನಲ್ಲಿ ಬೆಳೆದ ಜಾಣ ಇಲಿಗಳು ಸರಾಸರಿ 117 ತಪ್ಪು ಮಾಡಿದರೆ, ದಡ್ಡ ಇಲಿಗಳು 164 ಮಾಡುತ್ತಿದ್ದವು. ಬರಿಗೂಡಿನಲ್ಲಿ ಬೆಳೆದಾಗ ಎರಡೂ ವಂಶಗಳದು ಸುಮಾರು 170! ಆಟದ ಗೂಡಿನಲ್ಲಿ ಜಾಣರದು 111, ದಡ್ಡರದು 120. ವಂಶ ಬದಲಾಗಲಿಲ್ಲ, ಅಂತರ ಮಾತ್ರ ಸಾಧಾರಣ ಗೂಡಿನಲ್ಲಿ ಎದ್ದು ಕಂಡು, ಉಳಿದೆರಡರಲ್ಲಿ ಬಹುಮಟ್ಟಿಗೆ ಅಳಿಸಿಹೋಯಿತು. ಹುಟ್ಟಿನ ಪಾಲೆಷ್ಟು, ಬೆಳೆಸಿದವರ ಪಾಲೆಷ್ಟು ಎಂದು ಕೇಳುವವರು ಯಾವ ಗೂಡಿನಲ್ಲಿ ಎಂಬುದನ್ನೂ ಹೇಳಬೇಕಾಗುತ್ತದೆ.

ಆಟದ ಗೂಡು ಮಿದುಳನ್ನೇ ಮುಟ್ಟುತ್ತದೆ. 1960ರ ದಶಕದಲ್ಲಿ ಬರ್ಕ್‌ಲಿಯಲ್ಲಿಯೇ ರೋಸೆನ್‌ಜ್ವೈಗ್, ಮರಿಯನ್ ಡೈಮಂಡ್ ಮೊದಲಾದವರು ಅಂತಹ ಗೂಡುಗಳ ಇಲಿಗಳ ಮಿದುಳಿನ ಹೊರಪದರ ಹೆಚ್ಚು ದಪ್ಪವಾಗಿರುವುದನ್ನು ಕಂಡರು.

ಸಾಕುವವರ ನಂಬಿಕೆಯೂ ಪರಿಸರದ ಒಂದು ಭಾಗವೇ. 1963ರಲ್ಲಿ ಪ್ರಕಟವಾದ ರೋಸೆಂತಾಲ್ ಮತ್ತು ಫೋಡ್ ಅವರ ಪ್ರಯೋಗದಲ್ಲಿ 12 ವಿದ್ಯಾರ್ಥಿಗಳಿಗೆ ತಲಾ ಐದು ಸಾಮಾನ್ಯ ಇಲಿಗಳನ್ನು ಕೊಟ್ಟು, ಅರ್ಧ ಜನಕ್ಕೆ ಜಾಣ ವಂಶದವೆಂದೂ ಉಳಿದವರಿಗೆ ದಡ್ಡ ವಂಶದವೆಂದೂ ಹೇಳಲಾಯಿತು. ಜಾಣವೆನಿಸಿಕೊಂಡ ಇಲಿಗಳೇ ಚೆನ್ನಾಗಿ ಕಲಿತವು.

ಇಲಿಗೆ ಸಂದದ್ದು ಮನುಷ್ಯನಿಗೂ ಸಂದೀತೇ ಎಂಬ ಸಂಶಯ ನ್ಯಾಯವಾದುದೇ. ಅದಕ್ಕೆ ಫಿನೈಲ್‌ಕೀಟೋನ್ಯೂರಿಯ ಎಂಬ ರೋಗವನ್ನು ನೋಡಬಹುದು. 1934ರಲ್ಲಿ ನಾರ್ವೆಯ ವೈದ್ಯ ಫೊಲಿಂಗ್ ಇದನ್ನು ಮೊದಲು ಗುರುತಿಸಿದರು. ಆರೋಗ್ಯವಂತರಾದ ತಂದೆತಾಯಿಗಳಿಬ್ಬರಿಂದಲೂ ದೋಷವುಳ್ಳ ವಂಶವಾಹಿಯನ್ನು ಪಡೆದ ಕೂಸಿನ ದೇಹ, ಆಹಾರದ ಪ್ರೋಟೀನಿನಲ್ಲಿರುವ ಫಿನೈಲ್‌ಅಲನೀನ್ ಎಂಬ ಅಂಶವನ್ನು ಅರಗಿಸಲಾರದು. ಅದು ರಕ್ತದಲ್ಲಿ ಶೇಖರವಾಗಿ ಬೆಳೆಯುವ ಮಿದುಳನ್ನು ಕೆಡಿಸುತ್ತದೆ. ಆ ಅಂಶವನ್ನು ಮಿತಗೊಳಿಸಿದ ಆಹಾರದಿಂದ ಒಂದು ಮಗು ಸುಧಾರಿಸಿದುದನ್ನು ಇಂಗ್ಲೆಂಡಿನಲ್ಲಿ ಹೋರ್ಸ್ಟ್ ಬಿಕೆಲ್ ಮತ್ತು ಸಂಗಡಿಗರು 1953ರಲ್ಲಿ ವರದಿ ಮಾಡಿದರು. ಹುಟ್ಟಿದ ಕೆಲವೇ ದಿನಗಳಲ್ಲಿ ಹಿಮ್ಮಡಿಯಿಂದ ತೆಗೆದ ರಕ್ತದ ಹನಿಯಲ್ಲಿ ರೋಗವನ್ನು ಪತ್ತೆಮಾಡುವ ವಿಧಾನವನ್ನು ರಾಬರ್ಟ್ ಗತ್ರಿ 1960ರ ದಶಕದ ಆರಂಭದಲ್ಲಿ ರೂಪಿಸಿದರು. ಹಾಗೆ ಪತ್ತೆಯಾಗಿ ಮೊದಲಿನಿಂದಲೂ ಪಥ್ಯದಲ್ಲಿ ಬೆಳೆದ ಮಗುವಿನಲ್ಲಿ ಆ ವಂಶವಾಹಿ ಇದ್ದಂತೆಯೇ ಇರುತ್ತದೆ. ಮಗು ಮಾತ್ರ ಓರಗೆಯವರೊಡನೆ ಶಾಲೆಗೆ ಹೋಗುತ್ತದೆ.